ಕವಲುದಾರಿಯಲ್ಲಿ ದೇವರ ಚಿತ್ತ

ದೇವರ ಚಿತ್ತ ನೆರವೇರಬೇಕೆಂದು ಕ್ರೈಸ್ತರು ದಿನವೂ ಬೇಡಿಕೊಳ್ಳುತ್ತಾರೆ. ಯೇಸುವೇ ಶಿಷ್ಯರಿಗೆ ಕಲಿಸಿಕೊಟ್ಟ ಬೇಡಿಕೆ ಅದು. ಬಾಯಿಪಾಠವಾಗಿರುವ ಈ ಮಾತು ಬದುಕಿನಲ್ಲಿ ಒಂದು ನಿರ್ಧಾರ ಎದುರಾದಾಗ ಭಾರವಾಗುತ್ತದೆ. ಮದುವೆಯೋ ಗುರುದೀಕ್ಷೆಯೋ? ಊರಲ್ಲೇ ಉಳಿಯುವುದೋ, ಕೆಲಸಕ್ಕೆಂದು ಕಡಲಾಚೆ ಹೋಗುವುದೋ? ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಇರುವ ನೌಕರಿ ಬಿಡುವುದೋ? ಇಂಥ ಕಡೆ ನೆರವೇರಬೇಕಾದ ಚಿತ್ತ ಯಾವುದೆಂದು ತಿಳಿಯುವ ಬಗೆ ಹೇಗೆ ಎಂಬ ಪ್ರಶ್ನೆ ಕ್ರೈಸ್ತ ಧರ್ಮದಷ್ಟೇ ಹಳೆಯದು. ಅದಕ್ಕೆ ಬಂದ ಉತ್ತರಗಳಲ್ಲಿ ಹೆಚ್ಚು ವಿವರವಾದದ್ದು, ಹೆಚ್ಚು ಜನರ ಅನುಭವದಲ್ಲಿ ಒರೆಗೆ ಹತ್ತಿದ್ದು 16ನೇ ಶತಮಾನದ ಇಗ್ನೇಷಿಯಸ್ ಲೊಯೋಲ ಕೊಟ್ಟ ಉತ್ತರ.

ದೇವರ ಚಿತ್ತವನ್ನು ದೇವತಾಶಾಸ್ತ್ರಜ್ಞರು ಬೇರೆಬೇರೆಯಾಗಿ ವಿಂಗಡಿಸಿ ನೋಡುತ್ತಾರೆ. ಲೋಕದ ಆಗುಹೋಗುಗಳನ್ನೆಲ್ಲ ಆಳುವ ಚಿತ್ತ ಒಂದು. ಅದು ಮನುಷ್ಯನಿಗೆ ಮುಂಚಿತವಾಗಿ ಗೊತ್ತಾಗುವಂಥದ್ದಲ್ಲ. ಮನುಷ್ಯ ಹೇಗೆ ಬಾಳಬೇಕೆಂಬ ಚಿತ್ತ ಇನ್ನೊಂದು. ಅದು ಬೈಬಲಿನಲ್ಲಿ ತೆರೆದೇ ಇದೆ. ನ್ಯಾಯದಿಂದ ನಡೆಯುವುದು, ಕರುಣೆಯನ್ನು ಪ್ರೀತಿಸುವುದು, ದೇವರ ಮುಂದೆ ತಗ್ಗಿ ಬಾಳುವುದು ಎಂದು ಪ್ರವಾದಿ ಮೀಕ ಅದನ್ನು ಅಡಕವಾಗಿ ಹೇಳಿದ್ದಾನೆ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ, ಪವಿತ್ರರಾಗಿ ಬಾಳುವುದೇ ದೇವರ ಚಿತ್ತ ಎನ್ನುತ್ತಾನೆ. ಕೂಲಿಯವನ ಸಂಬಳ ತಡೆಹಿಡಿಯಬಹುದೇ, ಸುಳ್ಳುಸಾಕ್ಷಿ ಹೇಳಬಹುದೇ ಎಂದು ಯಾರೂ ಮೊಣಕಾಲೂರಿ ಕೇಳಬೇಕಾಗಿಲ್ಲ. ವಿವೇಚನೆ ಬೇಕಾಗುವುದು ಎರಡೂ ದಾರಿ ಒಳ್ಳೆಯದಾಗಿದ್ದು, ಒಂದನ್ನೇ ಹಿಡಿಯಬೇಕಾದಾಗ. ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಪೌಲ ಇದನ್ನೇ ಎತ್ತಿಕೊಂಡಿದ್ದಾನೆ. ಲೋಕದ ಅಚ್ಚಿಗೆ ತಕ್ಕಂತೆ ಬಾಗದೆ ಮನಸ್ಸು ಹೊಸದಾದಾಗ, ದೇವರಿಗೆ ಮೆಚ್ಚಿಗೆಯಾದದ್ದನ್ನು ಪರೀಕ್ಷಿಸಿ ತಿಳಿಯುವ ಶಕ್ತಿ ಬರುತ್ತದೆ ಎನ್ನುವುದು ಅಲ್ಲಿಯ ಮಾತಿನ ಸಾರ. ಪೌಲ ತೋರಿಸುವ ಕ್ರಮದಲ್ಲಿ ಮನಸ್ಸು ಬದಲಾಗುವುದು ಮೊದಲು, ತಿಳಿವು ಆಮೇಲೆ.

ಆ ಬದಲಾವಣೆಯ ಶ್ರಮ ಬೇಡವೆನ್ನಿಸಿದವರು ಗುರುತು ಬೇಡುತ್ತಾರೆ. ಬೈಬಲಿನಲ್ಲಿ ಅದಕ್ಕೂ ಉದಾಹರಣೆಗಳಿವೆ. ಕಣದಲ್ಲಿ ಕುರಿಯ ಉಣ್ಣೆಯನ್ನು ಹಾಸಿದ ಗಿದ್ಯೋನ, ಒಂದು ರಾತ್ರಿ ಉಣ್ಣೆ ಮಾತ್ರ ಒದ್ದೆಯಾಗಿ ನೆಲ ಒಣಗಿರಲಿ, ಮರುರಾತ್ರಿ ನೆಲ ಒದ್ದೆಯಾಗಿ ಉಣ್ಣೆ ಒಣಗಿರಲಿ ಎಂದು ಕೇಳಿಕೊಂಡ. ಆದರೆ ದೇವರು ತನಗೆ ಹೇಳಿದ್ದು ಏನೆಂಬುದು ಅವನಿಗೆ ಆಗಲೇ ಗೊತ್ತಿತ್ತು, ಕೊರತೆಯಿದ್ದದ್ದು ಧೈರ್ಯಕ್ಕೆ. ಇಸ್ಕರಿಯೋತ ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸುವಾಗ ಅಪೊಸ್ತಲರು ಚೀಟು ಹಾಕಿದರು. ಅದು ನಡೆದದ್ದು ಪೆಂತೆಕೋಸ್ತಿಗೆ ಮುಂಚೆ. ಪವಿತ್ರಾತ್ಮ ಇಳಿದುಬಂದ ಮೇಲೆ ಸಭೆ ಚೀಟು ಹಾಕಿ ತೀರ್ಮಾನಿಸಿದ್ದು ಹೊಸ ಒಡಂಬಡಿಕೆಯಲ್ಲಿ ಒಂದು ಕಡೆಯೂ ಕಾಣುವುದಿಲ್ಲ. ಅನ್ಯಜನಾಂಗದ ವಿಶ್ವಾಸಿಗಳು ಸುನ್ನತಿ ಮಾಡಿಸಿಕೊಳ್ಳಬೇಕೇ ಎಂಬ ದೊಡ್ಡ ಜಗಳ ಎದ್ದಾಗ ಜೆರುಸಲೇಮಿನಲ್ಲಿ ಎಲ್ಲರೂ ಕೂಡಿದರು, ವಾದಿಸಿದರು, ಪೇತ್ರ, ಪೌಲ, ಬಾರ್ನಬರ ಅನುಭವ ಕೇಳಿದರು, ಯಾಕೋಬ ಧರ್ಮಗ್ರಂಥವನ್ನು ಎತ್ತಿ ಹೇಳಿದ. ಕೊನೆಗೆ ಬಂದ ಒಮ್ಮತವನ್ನು ಪವಿತ್ರಾತ್ಮನಿಗೂ ತಮಗೂ ಒಪ್ಪಿಗೆಯಾದದ್ದೆಂದು ಪತ್ರದಲ್ಲಿ ಬರೆದು ಕಳಿಸಿದರು.

ಆದರೂ ಚೀಟಿನ ಮೋಹ ಸುಲಭಕ್ಕೆ ಬಿಡಲಿಲ್ಲ. 18ನೇ ಶತಮಾನದ ಮೊರಾವಿಯನ್ ಸಭೆಯವರು ಮದುವೆಗಳನ್ನೂ ಚೀಟು ಹಾಕಿ ಒಪ್ಪುತ್ತಿದ್ದರು; ಸಾಮಾನ್ಯ ಸದಸ್ಯರಿಗೆ ಆ ಕಟ್ಟಳೆ ಸಡಿಲವಾದದ್ದು 1818ರ ಮಹಾಸಭೆಯಲ್ಲಿ. ಮೆಥೊಡಿಸ್ಟ್ ಚಳವಳಿಯ ಜಾನ್ ವೆಸ್ಲಿ ಇದನ್ನು ಕಲಿತದ್ದು ಮೊರಾವಿಯನ್ನರಿಂದಲೇ. ಅಮೆರಿಕದ ಜಾರ್ಜಿಯಾದಲ್ಲಿ ಸೋಫಿಯಾ ಹಾಪ್ಕಿ ಎಂಬ ಯುವತಿಯನ್ನು ಮದುವೆಯಾಗಬೇಕೇ ಎಂಬುದು ಬಗೆಹರಿಯದೆ, 1737ರ ಮಾರ್ಚಿನಲ್ಲಿ ಆತ ಗೆಳೆಯನೊಬ್ಬನೊಂದಿಗೆ ಮೂರು ಚೀಟಿ ಬರೆದಿಟ್ಟ. ಒಂದರಲ್ಲಿ ಮದುವೆ, ಇನ್ನೊಂದರಲ್ಲಿ ಈ ವರ್ಷ ಬೇಡ, ಮೂರನೆಯದರಲ್ಲಿ ಇನ್ನು ಆ ಯೋಚನೆಯೇ ಬೇಡ. ಬಂದದ್ದು ಮೂರನೆಯದು. ಕೆಲವೇ ದಿನಗಳಲ್ಲಿ ಆಕೆ ಬೇರೊಬ್ಬನನ್ನು ಮದುವೆಯಾದಳು. ಕೆಲವು ತಿಂಗಳ ಬಳಿಕ ವೆಸ್ಲಿ ಆಕೆಗೆ ಪ್ರಭುಭೋಜನ ಕೊಡಲು ನಿರಾಕರಿಸಿದ. ಅದು ನ್ಯಾಯಾಲಯದ ಮೆಟ್ಟಿಲೇರಿತು. ವರ್ಷದ ಕೊನೆಗೆ ಆತ ಜಾರ್ಜಿಯಾವನ್ನೇ ಬಿಟ್ಟು ಹೊರಟ. ಚೀಟಿ ಉತ್ತರ ಕೊಟ್ಟಿತೇ ಹೊರತು, ಆತನೊಳಗೆ ಕುದಿಯುತ್ತಿದ್ದುದನ್ನು ಮುಟ್ಟಲೇ ಇಲ್ಲ.

ಇಗ್ನೇಷಿಯಸನ ಕಥೆಯಲ್ಲೂ ಇಂಥದೇ ಒಂದು ಘಟನೆ ಮುಂದೆ ಬರುತ್ತದೆ. ಸ್ಪೇನಿನ ಬಾಸ್ಕ್ ನಾಡಿನ ಕುಲೀನ ಮನೆತನದಲ್ಲಿ 1491ರಲ್ಲಿ ಹುಟ್ಟಿದ ಆತ ಕತ್ತಿ, ಕೀರ್ತಿ, ಅರಮನೆಯ ಹೆಣ್ಣುಗಳ ಮೆಚ್ಚುಗೆ ಇವುಗಳ ಬೆನ್ನು ಹತ್ತಿದವನು. 1521ರ ಮೇ 20ರಂದು ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡು ಅವನ ಕಾಲು ಮುರಿಯಿತು. ಲೊಯೋಲದ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದಾಗ ಓದಲು ಸಾಹಸದ ಪ್ರೇಮಕಥೆಗಳನ್ನು ಕೇಳಿದ. ಆ ಮನೆಯಲ್ಲಿ ಇದ್ದದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಚರಿತ್ರೆಗಳು ಮಾತ್ರ. ಬೇರೆ ಗತಿಯಿಲ್ಲದೆ ಅವನ್ನೇ ಓದಿದ. ಓದು ಬೇಸರವಾದಾಗ ಹಗಲುಗನಸು ಕಾಣುತ್ತಿದ್ದ: ಒಮ್ಮೆ ಉನ್ನತ ಕುಲದ ಹೆಣ್ಣೊಬ್ಬಳಿಗಾಗಿ ಮಾಡಬೇಕಾದ ಸಾಹಸಗಳ ಕನಸು, ಒಮ್ಮೆ ಸಂತ ಫ್ರಾನ್ಸಿಸ್, ಸಂತ ದೊಮಿನಿಕರಂತೆ ಬಾಳುವ ಕನಸು. ಎರಡೂ ಗಂಟೆಗಟ್ಟಲೆ ಸಾಗುತ್ತಿದ್ದವು, ಎರಡೂ ಆಗ ಸುಖವನ್ನೇ ಕೊಡುತ್ತಿದ್ದವು. ಒಂದು ದಿನ ಅವನಿಗೆ ವ್ಯತ್ಯಾಸ ಹೊಳೆಯಿತು. ಮೊದಲ ಕನಸು ಮುಗಿದ ಮೇಲೆ ಮನಸ್ಸು ಬರಡಾಗಿ, ಅತೃಪ್ತಿಯಿಂದ ಉಳಿಯುತ್ತಿತ್ತು; ಎರಡನೆಯದು ಮುಗಿದ ಮೇಲೂ ಸಂತೋಷ ಉಳಿದಿರುತ್ತಿತ್ತು. ಇಗ್ನೇಷಿಯಸ್ ಮುಂದೆ ಕಟ್ಟಿದ್ದೆಲ್ಲ ಈ ಒಂದು ಗಮನಿಕೆಯ ಮೇಲೆ ನಿಂತಿದೆ. ಬಯಕೆ ಎಷ್ಟು ಬಲವಾಗಿದೆ ಎಂಬುದಕ್ಕಿಂತ ಅದು ಮನಸ್ಸನ್ನು ಎಲ್ಲಿಗೆ ಮುಟ್ಟಿಸಿ ಬಿಡುತ್ತದೆ ಎಂಬುದೇ ಮುಖ್ಯ.

ಗಮನಿಸಿದ ಮಾತ್ರಕ್ಕೆ ವಿವೇಚನೆ ಬಂದುಬಿಡುವುದಿಲ್ಲ. ಗುಣವಾಗಿ 1522ರಲ್ಲಿ ಮೊನ್ಸೆರಾತ್ ಮಠಕ್ಕೆ ಹೇಸರಗತ್ತೆಯ ಮೇಲೆ ಹೊರಟಾಗ ದಾರಿಯಲ್ಲಿ ಮೂರ್ ಎಂಬ ಮುಸ್ಲಿಂ ಜನಾಂಗದ ಒಬ್ಬ ಪ್ರಯಾಣಿಕ ಜೊತೆಯಾದ. ಕನ್ಯೆ ಮರಿಯಳ ಬಗ್ಗೆ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಆ ಪ್ರಯಾಣಿಕ ಮುಂದೆ ಸಾಗಿಬಿಟ್ಟ. ಮಾತೆಯ ಮಾನ ಕಾಯಲು ಬೆನ್ನಟ್ಟಿ ಅವನನ್ನು ಇರಿಯಬೇಕೇ ಎಂಬುದು ಇಗ್ನೇಷಿಯಸನಿಗೆ ತೀರ್ಮಾನವಾಗಲಿಲ್ಲ. ಕವಲುದಾರಿಯಲ್ಲಿ ಲಗಾಮು ಸಡಿಲಬಿಟ್ಟ. ಹೇಸರಗತ್ತೆ ಆ ಮನುಷ್ಯ ಹೋದ ಊರಿನ ದಾರಿ ಹಿಡಿದರೆ ಇರಿಯುವುದು, ಹೆದ್ದಾರಿ ಹಿಡಿದರೆ ಬಿಟ್ಟುಬಿಡುವುದು. ಊರಿನ ದಾರಿಯೇ ಅಗಲವಾಗಿ ಚೆನ್ನಾಗಿದ್ದರೂ ಅದು ಹೆದ್ದಾರಿ ಹಿಡಿಯಿತು. ಮುಪ್ಪಿನಲ್ಲಿ ಆತ್ಮಕಥೆಯನ್ನು ಹೇಳಿ ಬರೆಯಿಸುವಾಗ ಇಗ್ನೇಷಿಯಸ್ ಇದನ್ನು ಮುಚ್ಚಿಡಲಿಲ್ಲ. ವಿನಯವೂ ವಿವೇಚನೆಯೂ ಆಗ ತನಗೆ ಏನೆಂದೇ ಗೊತ್ತಿರಲಿಲ್ಲ ಎಂಬ ಅರ್ಥದ ಮಾತನ್ನೂ ಸೇರಿಸಿದ. ಕೊಲ್ಲಬೇಡವೆಂಬ ಆಜ್ಞೆ ಇರುವಲ್ಲಿ ಗುರುತು ಕೇಳುವುದೇ ತಪ್ಪು. ಧರ್ಮಾವೇಶ ಅದನ್ನು ಅವನ ಕಣ್ಣಿಗೆ ಮರೆಮಾಡಿತ್ತು.

ಮುಂದಿನ ಹತ್ತು ಹನ್ನೊಂದು ತಿಂಗಳು ಮನ್ರೇಸ ಎಂಬ ಊರಿನಲ್ಲಿ ಕಳೆದವು. ಅಲ್ಲಿ ಕಲಿತದ್ದು ಹೆಚ್ಚು, ನೊಂದದ್ದೂ ಹೆಚ್ಚು. ಹಳೆಯ ಪಾಪಗಳನ್ನು ಸರಿಯಾಗಿ ನಿವೇದಿಸಲಿಲ್ಲವೆಂಬ ಶಂಕೆ ಹತ್ತಿ ಮತ್ತೆಮತ್ತೆ ಪಾಪನಿವೇದನೆ ಮಾಡಿದ. ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋದ. ಆ ಶಂಕೆ ಮೇಲ್ನೋಟಕ್ಕೆ ಭಕ್ತಿಯಂತಿದ್ದರೂ ತನ್ನನ್ನು ದೇವರಿಂದ ದೂರ ಒಯ್ಯುತ್ತಿದೆ ಎಂದು ಕಂಡ ದಿನ, ಇನ್ನು ಹಳೆಯದನ್ನು ಕೆದಕುವುದಿಲ್ಲವೆಂದು ನಿಶ್ಚಯಿಸಿದ. ಮಲಗುವ ಹೊತ್ತಿಗೆ ಸರಿಯಾಗಿ ದಿವ್ಯ ಆಲೋಚನೆಗಳು ಬಂದು ಇದ್ದ ಚೂರು ನಿದ್ದೆಯನ್ನೂ ಕಸಿಯುತ್ತಿದ್ದವು, ಅವನ್ನೂ ತಳ್ಳಿಹಾಕಿದ. ಕೆಲವು ವರ್ಷಗಳ ಮೇಲೆ ಬಾರ್ಸಿಲೋನದಲ್ಲಿ, ಮೂವತ್ತು ದಾಟಿದ ವಯಸ್ಸಿನಲ್ಲಿ ಲ್ಯಾಟಿನ್ ವ್ಯಾಕರಣ ಬಾಯಿಪಾಠ ಮಾಡಲು ಕೂತಾಗಲೂ ಹಾಗೇ ಆಯಿತು. ಪ್ರಾರ್ಥನೆಯಲ್ಲಿ ಬಾರದ ಒಳನೋಟಗಳು ಪಾಠದ ಹೊತ್ತಿಗೆ ಬರತೊಡಗಿದವು. ಇದು ಓದು ಕೆಡಿಸುವ ಶೋಧನೆಯೆಂದು ಅರಿತ ಆತ ಮೇಷ್ಟರನ್ನು ಚರ್ಚಿಗೆ ಕರೆದೊಯ್ದು, ಎರಡು ವರ್ಷ ಒಂದು ಪಾಠವನ್ನೂ ತಪ್ಪಿಸುವುದಿಲ್ಲವೆಂದು ಮಾತು ಕೊಟ್ಟ. ಸೈತಾನನೂ ಬೆಳಕಿನ ದೂತನ ವೇಷ ಹಾಕಬಲ್ಲ ಎಂದು ಕೊರಿಂಥದವರಿಗೆ ಪೌಲ ಕೊಟ್ಟ ಎಚ್ಚರಿಕೆ ಈ ಅನುಭವಗಳಲ್ಲಿ ಮೈದಾಳಿತು. ಪವಿತ್ರವೆನ್ನಿಸುವ ಆಲೋಚನೆಯನ್ನೂ ಅದರ ಮೊದಲು, ನಡು, ಕೊನೆ ಮೂರನ್ನೂ ನೋಡಿಯೇ ಒಪ್ಪಬೇಕೆಂದು ಇಗ್ನೇಷಿಯಸ್ ಆಮೇಲೆ ನಿಯಮ ಮಾಡಿದ.

ಈ ಅನುಭವಗಳ ಟಿಪ್ಪಣಿ ಬೆಳೆದು ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಸಣ್ಣ ಪುಸ್ತಕವಾಯಿತು. ಮೂರನೆಯ ಪೌಲ ಪೋಪರು 1548ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟರು. ಕೂತು ಓದಿ ಮುಗಿಸುವ ಪುಸ್ತಕವಲ್ಲ ಅದು. ಮಾರ್ಗದರ್ಶಿಯೊಬ್ಬರ ಜೊತೆ ಸುಮಾರು 30 ದಿನ ಮೌನದಲ್ಲಿ ನಡೆಸಬೇಕಾದ ಧ್ಯಾನಗಳ ಕೈಪಿಡಿ. ಮನೆ, ಕೆಲಸ ಬಿಟ್ಟು ಬರಲಾಗದವರು ದಿನಕ್ಕಿಷ್ಟು ಹೊತ್ತೆಂದು ತಿಂಗಳುಗಳ ಕಾಲ ಮಾಡಲೂ ಅದರಲ್ಲೇ ಏರ್ಪಾಡಿದೆ. ಬದುಕಿನ ಗುರಿ ದೇವರನ್ನು ಸ್ತುತಿಸಿ ಸೇವಿಸುವುದು, ಉಳಿದುದೆಲ್ಲ ಆ ಗುರಿಗೆ ನೆರವಾಗುವಷ್ಟು ಮಾತ್ರ ಬೇಕು ಎಂಬ ತಳಹದಿಯಿಂದ ಅದು ಹೊರಡುತ್ತದೆ. ಸಂಪತ್ತೋ ಬಡತನವೋ, ದೀರ್ಘಾಯುಷ್ಯವೋ ಅಲ್ಪಾಯುಷ್ಯವೋ, ಮನಸ್ಸು ಮೊದಲೇ ಒಂದು ಕಡೆ ವಾಲಿರಬಾರದು. ತಕ್ಕಡಿಯ ಮುಳ್ಳಿನಂತೆ ನಡುವೆ ನಿಲ್ಲಬೇಕು. ಇಡೀ ಸಾಧನೆಯಲ್ಲಿ ಕಷ್ಟದ್ದು ಇದೇ. ಹೆಚ್ಚಿನವರು ಮೊದಲು ಹುಡುಗಿಯನ್ನೋ ಹುದ್ದೆಯನ್ನೋ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡು, ಆಮೇಲೆ ಅದಕ್ಕೆ ದೇವರ ಮುದ್ರೆ ಒತ್ತಿಸಿಕೊಳ್ಳಲು ಪ್ರಾರ್ಥನೆಗೆ ಕೂರುತ್ತಾರೆ. ಗೆತ್ಸೆಮನೆಯಲ್ಲಿ ಯೇಸು ಸಂಕಟದ ಪಾತ್ರೆಯನ್ನು ತನ್ನಿಂದ ತೆಗೆಯಬೇಕೆಂದು ಕೇಳಿಕೊಂಡು, ಕೊನೆಗೆ ತಂದೆಯ ಇಷ್ಟಕ್ಕೆ ತನ್ನನ್ನು ಒಪ್ಪಿಸಿಕೊಟ್ಟದ್ದೇ ಇಲ್ಲಿಯ ಮಾದರಿ. ಬಯಕೆ ಇರುವುದು ತಪ್ಪಲ್ಲವೆಂಬುದೂ ಅದೇ ಪ್ರಾರ್ಥನೆಯಿಂದ ತಿಳಿಯುತ್ತದೆ.

ಆಯ್ಕೆ ಮೂರು ಬಗೆಯ ಸಂದರ್ಭಗಳಲ್ಲಿ ಆಗಬಹುದೆಂದು ಪುಸ್ತಕ ಹೇಳುತ್ತದೆ. ಸುಂಕದ ಮತ್ತಾಯನಿಗೆ, ಪೌಲನಿಗೆ ಆದಂತೆ ಸಂಶಯಕ್ಕೆ ಎಡೆಯೇ ಇಲ್ಲದ ಕರೆ ಮೊದಲನೆಯದು. ಅದು ಅಪರೂಪ. ಎರಡನೆಯದು ಒಳಗಿನ ಚಲನೆಗಳನ್ನು ದಿನಗಟ್ಟಲೆ ಗಮನಿಸಿ ತಿಳಿಯುವುದು. ವಿಶ್ವಾಸ, ನಿರೀಕ್ಷೆ, ಪ್ರೀತಿ ಹೆಚ್ಚಾಗಿ ಮನಸ್ಸು ದೇವರತ್ತ ಹಗುರವಾಗಿ ಸಾಗುವ ಸ್ಥಿತಿ ಸಾಂತ್ವನ; ಕತ್ತಲು, ಕಳವಳ, ಜಡತೆ ಕವಿದು ಪ್ರಾರ್ಥನೆಯೇ ಬೇಡವೆನ್ನಿಸುವ ಸ್ಥಿತಿ ಶುಷ್ಕತೆ. ಸಾಂತ್ವನವೆಂದರೆ ಬರಿಯ ಖುಷಿಯಲ್ಲ. ಪಾಪಕ್ಕಾಗಿ ಅಳುವುದೂ ಸಾಂತ್ವನವಾಗಬಹುದು. ಈ ಎರಡು ಸ್ಥಿತಿಗಳ ಬಗ್ಗೆ ಇಗ್ನೇಷಿಯಸ್ ಎರಡು ಕಂತಿನಲ್ಲಿ 14 ಮತ್ತು 8 ನಿಯಮಗಳನ್ನು ಕೊಟ್ಟಿದ್ದಾನೆ. ಅವುಗಳಲ್ಲಿ ಎಲ್ಲರೂ ನೆನಪಿಟ್ಟುಕೊಳ್ಳಬೇಕಾದದ್ದು ಮೊದಲ ಕಂತಿನ ಐದನೆಯದು: ಶುಷ್ಕತೆಯ ಕಾಲದಲ್ಲಿ, ಹಿಂದೆ ನೆಮ್ಮದಿಯಲ್ಲಿ ಕೈಗೊಂಡ ನಿರ್ಧಾರವನ್ನು ಬದಲಿಸಬಾರದು. ಸಂಸಾರ ಸಾಕು, ಮಠ ಸಾಕು, ಓದು ಸಾಕು ಎಂದು ಮನಸ್ಸು ಕೂಗುವ ರಾತ್ರಿ ಕಾಗದಕ್ಕೆ ಸಹಿ ಹಾಕುವ ಹೊತ್ತಲ್ಲ. ಎಷ್ಟೋ ಬದುಕುಗಳನ್ನು ಈ ಒಂದು ನಿಯಮ ಕಾಪಾಡಬಲ್ಲದು. ವಾರಗಟ್ಟಲೆ ಬಿಡದ ಖಿನ್ನತೆ ಮಾತ್ರ ಬೇರೆಯೇ ವಿಷಯ. ಅದು ಕಾಯಿಲೆ, ವೈದ್ಯರ ಬಳಿ ಹೋಗಬೇಕು. ಅದನ್ನು ಆತ್ಮದ ಶುಷ್ಕತೆಯೆಂದು ತಿಳಿದು ಪ್ರಾರ್ಥನೆಯಿಂದಷ್ಟೇ ಗೆಲ್ಲಲು ಹೊರಡುವುದು ಅಪಾಯ.

ಮನಸ್ಸು ಅತ್ತಿತ್ತ ಅಲುಗದೆ ಶಾಂತವಾಗಿರುವಾಗ ಬುದ್ಧಿಯಿಂದ ತೂಗಿ ನೋಡುವುದು ಮೂರನೆಯ ಬಗೆ. ಹಿಡಿದರೆ ಆಗುವ ಒಳಿತು ಕೆಡುಕು, ಬಿಟ್ಟರೆ ಆಗುವ ಒಳಿತು ಕೆಡುಕು ಎಂದು ನಾಲ್ಕು ಪಟ್ಟಿ ಮಾಡಿ, ಯಾವ ಕಡೆಗೆ ಕಾರಣಗಳು ಗಟ್ಟಿಯಾಗಿವೆ ಎಂದು ಕಾಣಬೇಕು. ಎಣಿಕೆಗಿಂತ ತೂಕ ಮುಖ್ಯ. ಜೊತೆಗೆ ಮೂರು ಕಲ್ಪನೆಗಳ ನೆರವಿದೆ. ಹಿಂದೆಂದೂ ಕಂಡಿಲ್ಲದ ಒಬ್ಬರು ಇದೇ ಸಂಕಟ ಹೇಳಿಕೊಂಡು ಬಂದರೆ ಅವರಿಗೆ ಯಾವ ಸಲಹೆ ಕೊಡಬಹುದು? ಸಾವಿನ ಹಾಸಿಗೆಯಲ್ಲಿರುವಾಗ ಈ ಹೊತ್ತು ಯಾವುದನ್ನು ಆರಿಸಿದ್ದರೆ ಒಳ್ಳೆಯದಿತ್ತು ಅನ್ನಿಸಬಹುದು? ನ್ಯಾಯತೀರ್ಪಿನ ದಿನ ಹೇಗನ್ನಿಸಬಹುದು? ಹೀಗೆ ಬಂದ ತೀರ್ಮಾನವನ್ನು ಪ್ರಾರ್ಥನೆಯಲ್ಲಿ ದೇವರ ಮುಂದಿಟ್ಟು, ಅದು ದೃಢವಾಗುತ್ತದೆಯೇ ಎಂದು ಕಾಯಬೇಕು. ಕಾಯುವುದಕ್ಕೂ ಮಿತಿಯಿದೆ. 1544ರಲ್ಲಿ, ತಾನು ಗೆಳೆಯರೊಂದಿಗೆ ಕಟ್ಟಿದ ಯೇಸುಸಭೆಯ ಚರ್ಚುಗಳಿಗೆ ನಿಶ್ಚಿತ ವರಮಾನ ಇರಬಹುದೇ ಎಂಬ ಪ್ರಶ್ನೆಯನ್ನು ಇಗ್ನೇಷಿಯಸ್ 40 ದಿನ ಧ್ಯಾನಿಸಿದ. ಬೇಡವೆಂಬ ಉತ್ತರ ಬೇಗನೆ ಬಂದಿದ್ದರೂ ಇನ್ನಷ್ಟು ಖಾತರಿ ಬೇಕೆಂದು ಹಟ ಹಿಡಿದ. ಆ ಹಟವೇ ತನ್ನ ಇಷ್ಟವನ್ನು ಸಾಧಿಸುವ ದಾರಿಯಾಗಿದೆ ಎಂದು ಹೊಳೆದಾಗ ನಿಲ್ಲಿಸಿದ. ಆ ದಿನಗಳ ದಿನಚರಿ ಈಗಲೂ ಉಳಿದಿದೆ.

ಆಯ್ಕೆಗೆ ಏನನ್ನು ಒಡ್ಡಬಹುದು ಎಂಬುದಕ್ಕೂ ಗೆರೆಯಿದೆ. ಕೆಟ್ಟದ್ದು ಆಯ್ಕೆಯ ವಿಷಯವೇ ಅಲ್ಲ. ಈಗಾಗಲೇ ಮದುವೆಯಾದವರು, ದೀಕ್ಷೆ ಪಡೆದವರು ಆ ಒಡಂಬಡಿಕೆಯನ್ನು ಮತ್ತೆ ತಕ್ಕಡಿಗೆ ಹಾಕುವಂತಿಲ್ಲ. ಆಗ ಹಿಡಿದದ್ದು ತಪ್ಪು ಉದ್ದೇಶದಿಂದಾಗಿದ್ದರೆ ಪಶ್ಚಾತ್ತಾಪಪಟ್ಟು, ಅದರಲ್ಲೇ ಚೆನ್ನಾಗಿ ಬಾಳಲು ನೋಡಬೇಕು.

ಒಬ್ಬರೇ ಮಾಡುವ ವಿವೇಚನೆಗಿಂತ ಕೂಡಿ ಮಾಡುವ ವಿವೇಚನೆ ಇನ್ನೂ ಕಠಿಣ. ಇಗ್ನೇಷಿಯಸ್ ಮತ್ತು ಅವನ ಗೆಳೆಯರು 1539ರಲ್ಲಿ ರೋಮಿನಲ್ಲಿ ಅದಕ್ಕೆ ಕೈಹಾಕಿದರು. ಜೆರುಸಲೇಮಿಗೆ ಹೋಗುವುದು ಅವರ ಹರಕೆಯಾಗಿತ್ತು. ವೆನಿಸ್ಸಿಗೂ ತುರ್ಕರಿಗೂ ಯುದ್ಧ ಹತ್ತಿ ಹಡಗು ಸಿಗದೆ ಅದು ತಪ್ಪಿತು. ಪೋಪರು ಇವರನ್ನು ಬೇರೆಬೇರೆ ಕಡೆ ಕಳಿಸುವುದು ಖಚಿತವಾದಾಗ, ಚೆದುರಿ ಹೋದರೂ ಒಂದೇ ಸಂಘವಾಗಿ ಉಳಿಯಬೇಕೇ ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರ ಬೇಗ ಸಿಕ್ಕಿತು. ತಮ್ಮಲ್ಲೊಬ್ಬನಿಗೆ ವಿಧೇಯರಾಗಿರುವ ವ್ರತ ತೊಡಬೇಕೇ ಎಂಬುದು ಮಾತ್ರ ದಿನಗಟ್ಟಲೆ ಕಗ್ಗಂಟಾಯಿತು. ಹಗಲೆಲ್ಲ ಬೋಧನೆ, ಸೇವೆ ಎಂದಿನಂತೆ. ರಾತ್ರಿ ಕೂಡಿ ಚರ್ಚೆ. ಕಗ್ಗಂಟು ಬಿಚ್ಚಲು ಅವರು ಕೆಲವು ಕಟ್ಟುಪಾಡು ಹಾಕಿಕೊಂಡರು. ಪ್ರತಿಯೊಬ್ಬನೂ ಪ್ರಾರ್ಥಿಸಬೇಕು, ಒಬ್ಬರನ್ನೊಬ್ಬರು ಒಲಿಸಿಕೊಳ್ಳಲು ಹೋಗಬಾರದು, ಈ ಸಂಘಕ್ಕೆ ತಾನು ಸೇರಿದವನೇ ಅಲ್ಲವೆಂಬಂತೆ ಯೋಚಿಸಬೇಕು. ಆಮೇಲೆ ಒಂದು ದಿನ ಎಲ್ಲರೂ ವ್ರತ ಬೇಡವೆನ್ನುವ ಕಾರಣಗಳನ್ನಷ್ಟೇ ಹೇಳಿದರು, ಇನ್ನೊಂದು ದಿನ ಎಲ್ಲರೂ ಬೇಕೆನ್ನುವ ಕಾರಣಗಳನ್ನಷ್ಟೇ. ಎರಡು ಪಕ್ಷ ಕಟ್ಟಿಕೊಂಡು ಜಗ್ಗಾಡುವ ಬದಲು ಎಲ್ಲರೂ ಎರಡೂ ಕಡೆಯನ್ನು ನೋಡುವಂತೆ ಮಾಡಿದ ಈ ಕ್ರಮ ಯಾವ ಸಮಿತಿಗೂ ಮಾದರಿಯಾಗಬಲ್ಲದು. ಮೂರು ತಿಂಗಳು ಹಿಡಿದ ಈ ಚರ್ಚೆ ಜೂನ್ 24ರ ಹೊತ್ತಿಗೆ ಒಮ್ಮತದಲ್ಲಿ ಮುಗಿಯಿತು. 1540ರ ಸೆಪ್ಟೆಂಬರ್ 27ರಂದು ಪೋಪರ ಮಂಜೂರಾತಿಯೊಂದಿಗೆ ಯೇಸುಸಭೆ ಹುಟ್ಟಿತು.

ಅದಕ್ಕೂ ಕೆಲವು ತಿಂಗಳ ಮುಂಚೆ, ಆ ಗೆಳೆಯರಲ್ಲಿ ಭಾರತಕ್ಕೆ ಹೋಗಬೇಕಾಗಿದ್ದ ನಿಕೊಲಾಸ್ ಬೊಬದಿಯ ಕಾಯಿಲೆ ಬಿದ್ದ. ಬದಲಿಗೆ ಇನ್ನೊಬ್ಬ ಗೆಳೆಯ ಫ್ರಾನ್ಸಿಸ್ ಝೇವಿಯರ್ ಒಂದೆರಡು ದಿನಗಳಲ್ಲೇ ಹೊರಟು ನಿಂತ. 1542ರ ಮೇ 6ರಂದು ಗೋವೆಯಲ್ಲಿ ಇಳಿದ. ಯಾರ ಯೋಜನೆಯಲ್ಲೂ ಇಲ್ಲದಿದ್ದ ಒಂದು ಕಾಯಿಲೆ ಈ ನಾಡಿನ ಕ್ರೈಸ್ತ ಚರಿತ್ರೆಯ ದಿಕ್ಕನ್ನು ತಿರುಗಿಸಿತು. ಕರ್ನಾಟಕದ ಕರಾವಳಿಗೆ ಯೇಸುಸಭೆಯವರು ನೆಲೆಯೂರಲು ಬಂದದ್ದು 1878ರ ಕೊನೆಗೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಶುರುವಾಯಿತು. ಆ ಸಭೆಗೆ ಸೇರುವ ಪ್ರತಿಯೊಬ್ಬನೂ ಇಂದಿಗೂ 30 ದಿನಗಳ ಆ ಸಾಧನೆಯನ್ನು ಮಾಡುತ್ತಾನೆ.

ಪ್ರೊಟೆಸ್ಟೆಂಟ್ ಪಂಥಗಳು ಬೇರೆ ದಾರಿಯಲ್ಲಿ ಬಂದು ಹತ್ತಿರದ ಜಾಗವನ್ನೇ ಮುಟ್ಟಿವೆ. ಬ್ರಿಸ್ಟಲ್‌ನಲ್ಲಿ ಅನಾಥಾಲಯಗಳನ್ನು ಕಟ್ಟಿ 10,000ಕ್ಕೂ ಹೆಚ್ಚು ಮಕ್ಕಳನ್ನು ಸಾಕಿದ ಜಾರ್ಜ್ ಮ್ಯೂಲರ್, ನಿರ್ಧರಿಸಬೇಕಾದ ವಿಷಯದಲ್ಲಿ ತನ್ನದೆಂಬ ಇಷ್ಟವೇ ಉಳಿಯದಂತೆ ಹೃದಯವನ್ನು ಸಿದ್ಧಪಡಿಸುವುದು ಮೊದಲ ಕೆಲಸ, ಅದಾದರೆ ಕಷ್ಟದ ಬಹುಪಾಲು ಕಳೆದಂತೆ ಎನ್ನುತ್ತಿದ್ದ. ಬರಿಯ ಭಾವನೆಯನ್ನು ನಂಬದೆ ಧರ್ಮಗ್ರಂಥ, ಪವಿತ್ರಾತ್ಮ, ಸನ್ನಿವೇಶ ಇವನ್ನು ಕೂಡಿಸಿ ನೋಡುವುದು ಆತನ ರೀತಿ. ಕ್ವೇಕರರಲ್ಲಿ ನಿರ್ಧಾರದ ಮುಂದಿರುವವರ ಸುತ್ತ ಕೆಲವರು ಮೌನವಾಗಿ ಕೂರುತ್ತಾರೆ. ಸಲಹೆ ಕೊಡುವಂತಿಲ್ಲ, ಪ್ರಾಮಾಣಿಕ ಪ್ರಶ್ನೆಗಳನ್ನು ಮಾತ್ರ ಕೇಳಬಹುದು. 1980ರಲ್ಲಿ ಅಮೆರಿಕದ ಗ್ಯಾರಿ ಫ್ರೀಸನ್ ಈ ಚರ್ಚೆಗೇ ಸವಾಲು ಹಾಕುವ ಪುಸ್ತಕ ಬರೆದ. ಯಾವ ಕಾಲೇಜು, ಯಾವ ಸಂಗಾತಿ ಎಂಬಷ್ಟು ವಿವರದಲ್ಲಿ ಪ್ರತಿಯೊಬ್ಬರಿಗೂ ಹುಡುಕಿ ತೆಗೆಯಬೇಕಾದ ಗುಪ್ತ ಯೋಜನೆಯೊಂದಿದೆ ಎಂದು ಬೈಬಲು ಹೇಳುವುದಿಲ್ಲ. ದೇವರ ನೈತಿಕ ಚಿತ್ತದ ಒಳಗೆ ವಿವೇಕದಿಂದ ಆರಿಸುವ ಸ್ವಾತಂತ್ರ್ಯವೂ ಹೊಣೆಯೂ ಮನುಷ್ಯನದೇ ಎಂಬುದು ಆತನ ವಾದ. ಒಂದು ತಪ್ಪು ಹೆಜ್ಜೆಯಿಂದ ಇಡೀ ಬದುಕು ದೇವರ ಕೈತಪ್ಪಿತೆಂದು ನಡುಗುವವರಿಗೆ ಈ ವಾದ ದೊಡ್ಡ ಬಿಡುಗಡೆ. ಆದರೆ ಒಳಗಿನ ಕರೆಯನ್ನು ಕೇಳಿ ಮನೆಮಾರು ಬಿಟ್ಟು ಹೊರಟ ಅಸಂಖ್ಯ ಜನರ ಅನುಭವವನ್ನು ಅದು ಪೂರ್ತಿ ವಿವರಿಸಲಾರದು.

ಹೆಚ್ಚು ಎಚ್ಚರ ಬೇಕಾದದ್ದು ಬೇರೆಯವರ ಬದುಕಿನ ಬಗ್ಗೆ ದೇವರ ಚಿತ್ತ ತನಗೆ ಗೊತ್ತೆನ್ನುವವರ ವಿಷಯದಲ್ಲಿ. ಇಂಥವರನ್ನೇ ಮದುವೆಯಾಗಬೇಕೆಂದು, ಇಷ್ಟು ಹಣ ಕೊಡಬೇಕೆಂದು, ಮಗನನ್ನು ಸೆಮಿನರಿಗೇ ಕಳಿಸಬೇಕೆಂದು ದೇವರ ಹೆಸರಿನಲ್ಲಿ ಹೇಳುವ ಬೋಧಕರೂ ಬಂಧುಗಳೂ ಎಲ್ಲ ಪಂಥಗಳಲ್ಲೂ ಇದ್ದಾರೆ. ಸಾಧನೆ ನಡೆಸಿಕೊಡುವವರು ಧ್ಯಾನಿಯನ್ನು ಯಾವ ಆಯ್ಕೆಯ ಕಡೆಗೂ ತಳ್ಳಬಾರದು, ಮಠದ ಬಾಳಿನ ಕಡೆಗೂ ಕೂಡ ತಳ್ಳಬಾರದು, ಸೃಷ್ಟಿಕರ್ತ ನೇರವಾಗಿ ಆ ಜೀವದೊಂದಿಗೆ ವ್ಯವಹರಿಸಲು ಬಿಡಬೇಕು ಎಂದು ಇಗ್ನೇಷಿಯಸ್ ಮಾರ್ಗದರ್ಶಿಗಳಿಗೆ ಕಟ್ಟಪ್ಪಣೆ ಮಾಡಿದ್ದಾನೆ. ಹುಡುಗ ಸಮುವೇಲನಿಗೆ ರಾತ್ರಿ ಕರೆ ಕೇಳಿಸಿದಾಗ ಮುದುಕ ಏಲಿ ಮಾಡಿದ್ದೂ ಇಷ್ಟೇ. ಕರೆದವನು ಯಾರೆಂದು ಗುರುತಿಸಲು ನೆರವಾದ, ಹೋಗಿ ಮಲಗಿ ಕೇಳಿಸಿಕೊಳ್ಳಲು ಹೇಳಿದ. ಸಂದೇಶ ಏನಿರಬೇಕೆಂದು ತಾನು ಹೇಳಿಕೊಡಲಿಲ್ಲ. ಆ ಸಂದೇಶ ಏಲಿಯ ಮನೆತನದ ವಿರುದ್ಧವೇ ಇತ್ತು.

ದೊಡ್ಡ ನಿರ್ಧಾರದ ಹೊತ್ತಿಗೆ ಕರೆಯನ್ನು ಕೇಳಿಸಿಕೊಳ್ಳುವ ಈ ಕಿವಿ ಒಮ್ಮೆಲೇ ಹುಟ್ಟಿಕೊಳ್ಳುವುದಿಲ್ಲವಾದ್ದರಿಂದ ದಿನದ ಅಭ್ಯಾಸ ಬೇಕಾಗುತ್ತದೆ. ಇಗ್ನೇಷಿಯಸ್ ಅದನ್ನು ಐದು ಹೆಜ್ಜೆಗಳಲ್ಲಿ ಹೇಳಿದ್ದಾನೆ: ಪಡೆದದ್ದಕ್ಕೆ ಕೃತಜ್ಞತೆ, ಕಾಣುವ ಬೆಳಕಿಗಾಗಿ ಬೇಡಿಕೆ, ಬೆಳಗಿನಿಂದ ಈವರೆಗಿನ ಗಂಟೆಗಳ ಪರಿಶೀಲನೆ, ತಪ್ಪಿಗೆ ಕ್ಷಮೆ, ಮುಂದಿನದಕ್ಕೆ ಸಂಕಲ್ಪ. ಕಾಲು ಗಂಟೆ ಸಾಕು. ಕಾಯಿಲೆಯಿಂದಲೋ ಪ್ರಯಾಣದಿಂದಲೋ ಉಳಿದ ಪ್ರಾರ್ಥನೆ ತಪ್ಪಿದರೂ ಇದನ್ನು ಬಿಡಬಾರದೆಂದು ಯೇಸುಸಭೆಯ ಪರಂಪರೆ ಹೇಳುತ್ತ ಬಂದಿದೆ.

ಸರಿಯಾಗಿ ವಿವೇಚಿಸಿದವರಿಗೆ ಬಯಸಿದ್ದು ಕೈಗೂಡುತ್ತದೆಂಬ ಭರವಸೆ ಕ್ರೈಸ್ತ ಪರಂಪರೆಯಲ್ಲಿ ಎಲ್ಲೂ ಇಲ್ಲ. ಏಷ್ಯ ಪ್ರಾಂತ್ಯಕ್ಕೆ ಹೋಗಬೇಕೆಂದಿದ್ದ ಪೌಲನನ್ನು ಪವಿತ್ರಾತ್ಮ ತಡೆಯಿತೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತವೆ. ಆತ ಮಕೆದೋನ್ಯಕ್ಕೆ ಹೋದ, ಫಿಲಿಪ್ಪಿಯಲ್ಲಿ ಏಟು ತಿಂದು ಸೆರೆ ಸೇರಿದ. ಯೇಸು ನಡೆದ ನೆಲದಲ್ಲೇ ಬಾಳು ಕಳೆಯಬೇಕೆಂಬುದು ಇಗ್ನೇಷಿಯಸನ ಮೊದಲ ದೃಢ ನಿರ್ಧಾರವಾಗಿತ್ತು. 1523ರಲ್ಲಿ ಜೆರುಸಲೇಮನ್ನು ಮುಟ್ಟಿಯೂ ಬಿಟ್ಟ. ಅಲ್ಲಿಯ ಫ್ರಾನ್ಸಿಸ್ಕನ್ ಮುಖ್ಯಸ್ಥರು ಉಳಿಯಲು ಬಿಡದಿದ್ದಾಗ, ಅದು ದೇವರ ಚಿತ್ತವಲ್ಲವೆಂದು ಒಪ್ಪಿ ಹಿಂದಿರುಗಿದ. ಕೊನೆಯ ಹದಿನಾರು ವರ್ಷ ರೋಮಿನಲ್ಲಿ ಮೇಜಿನ ಮುಂದೆ ಕೂತು ಆಡಳಿತ ನಡೆಸಿದ. ಆ ಅವಧಿಯ ಸಾವಿರಾರು ಪತ್ರಗಳು ಇಂದಿಗೂ ಸಿಗುತ್ತವೆ. 1556ರ ಜುಲೈ 31ರಂದು ಆತ ತೀರಿಕೊಂಡಾಗ ಏಳು ಗೆಳೆಯರ ಹರಕೆಯಿಂದ ಮೊದಲಾದ ಯೇಸುಸಭೆಯಲ್ಲಿ ಸುಮಾರು ಸಾವಿರ ಜನರಿದ್ದರು.